ಬಿಟ್–ಬೈಟ್‌ಗಳ ಮಾನವಿಚಾರ

ಅಳೆಯದೆ ಕೊಡುವುದು ತಾಯಿಗೆ ಮಾತ್ರ ಒಪ್ಪುತ್ತದೆ. ಉಳಿದವರು ಅಳೆದು ಕೊಡಬೇಕು, ಅಳೆದು ಕೊಳ್ಳಬೇಕು. ಲೋಕವ್ಯವಹಾರವೆಲ್ಲ ಈ ಕಟ್ಟಳೆಯ ಮೇಲೆ ನಿಂತಿದೆ. ಆದರೆ ಅಳತೆಯೆಂಬುದು ಬರಿಯ ಸಂಖ್ಯೆಯಲ್ಲ. ‘ಇಪ್ಪತ್ತು’ ಎಂದಷ್ಟೇ ನುಡಿದರೆ ಯಾವ ಅರ್ಥವೂ ಹುಟ್ಟುವುದಿಲ್ಲ. ‘ಇಪ್ಪತ್ತು ಕೊಳಗ’ ಎಂದಾಗ ಕಣದಲ್ಲಿ ರಾಶಿ ಕಾಣಿಸುತ್ತದೆ. ಸಂಖ್ಯೆ ದೇಹವಾದರೆ ಅದರ ಪಕ್ಕದಲ್ಲಿ ನಿಲ್ಲುವ ಮಾನವು ಪ್ರಾಣ. ಪ್ರಾಣವನ್ನು ಬಿಟ್ಟು ದೇಹವನ್ನು ಹೊತ್ತು ತಿರುಗುವ ಅಭ್ಯಾಸ ಈಚಿನ ದಿನಗಳಲ್ಲಿ ಒಂದು ಕ್ಷೇತ್ರದಲ್ಲಿ ವಿಶೇಷವಾಗಿ ಬೆಳೆದಿದೆ. ತಂತಿಯಲ್ಲಿಯೂ ಗಾಳಿಯಲ್ಲಿಯೂ ಹರಿದುಬರುವ ಮಾಹಿತಿಯ ವೇಗವನ್ನು ಹೇಳುವ ಕ್ಷೇತ್ರವೇ ಅದು.

ಕನ್ನಡನಾಡಿನ ಪೂರ್ವಿಕರು ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ದಾನಶಾಸನಗಳಲ್ಲಿ ಭೂಮಿಯ ವಿಸ್ತಾರವನ್ನು ಹೇಳುವಾಗ, ಯಾವ ಗಳೆಯಿಂದ ಅಳೆಯಲಾಯಿತೆಂಬುದನ್ನೂ ಹೆಸರಿಸಿ ಕೆತ್ತಿಸುವ ಪದ್ಧತಿಯಿತ್ತು. ಏಕೆಂದರೆ ಗಳೆಯ ಉದ್ದ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಧಾನ್ಯದ ಮಾತೂ ಹಾಗೆಯೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಬಾಯಿಪಾಠವಾಗಿದ್ದರೂ ಒಂದೂರಿನ ಕೊಳಗ ಮತ್ತೊಂದೂರಿನ ಕೊಳಗಕ್ಕೆ ಸಮನಾಗಿರಲಿಲ್ಲ. ಆದುದರಿಂದ ಸಂತೆಗೆ ಹೋದವನು ದರವನ್ನು ಕೇಳುವ ಮೊದಲು ಕೊಳಗವನ್ನು ನೋಡುತ್ತಿದ್ದನು. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದೇಶಕ್ಕೆಲ್ಲ ಮೆಟ್ರಿಕ್ ಮಾನ ಬರುವವರೆಗೆ ಈ ಗೊಂದಲ ನಡೆದೇ ಇತ್ತು. ಧಾನ್ಯದ ಗೊಂದಲ ಮುಗಿದರೂ ಮಾಹಿತಿಯ ಗೊಂದಲ ಇಂದಿಗೂ ಮುಗಿದಿಲ್ಲ.

ಮಾಹಿತಿಯನ್ನು ಅಳೆಯುವ ಅತ್ಯಂತ ಚಿಕ್ಕ ಮಾನಕ್ಕೆ ‘ಬಿಟ್’ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ ಎಂಬ ಗಣಿತಜ್ಞನು ೧೯೪೮ರಲ್ಲಿ ಸಂವಹನದ ಗಣಿತಸಿದ್ಧಾಂತವನ್ನು ಪ್ರಕಟಿಸಿದಾಗ ಈ ಪದವನ್ನು ಬಳಸಿ, ಇದನ್ನು ಸೂಚಿಸಿದವನು ಜಾನ್ ಟ್ಯೂಕಿ ಎಂಬುದನ್ನು ಅಲ್ಲಿಯೇ ಸ್ಮರಿಸಿದನು. ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಈ ಎರಡರಲ್ಲಿ ಯಾವುದೆಂದು ತಿಳಿಸುವ ಒಂದು ನಿರ್ಧಾರವೇ ಬಿಟ್. ದೂರವಾಣಿಯಲ್ಲಿ ಕೇಳುವ ದನಿ, ಪರದೆಯ ಮೇಲಿನ ಚಿತ್ರ, ಮಗಳು ದೂರದೇಶದಿಂದ ಬರೆದ ಓಲೆ, ಇವೆಲ್ಲವೂ ಕೊನೆಗೆ ಇಂಥ ನಿರ್ಧಾರಗಳ ಸಾಲುಗಳೇ ಆಗಿ ಸಾಗುತ್ತವೆ.

ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಈ ವಿಚಾರ ತೀರ ಹೊಸತಾಗಿ ತೋರಬೇಕಾಗಿಲ್ಲ. ಪದ್ಯದ ಪ್ರತಿಯೊಂದು ಸ್ಥಾನದಲ್ಲಿಯೂ ಲಘು ಅಥವಾ ಗುರು, ಎರಡರಲ್ಲಿ ಒಂದು ಇರಲೇಬೇಕು. ಮೂರು ಸ್ಥಾನಗಳಿದ್ದರೆ ಎರಡನ್ನು ಮೂರು ಬಾರಿ ಗುಣಿಸಿ ಎಂಟು ಬಗೆ. ಅವೇ ಯ, ಮ, ತ, ರ, ಜ, ಭ, ನ, ಸ ಎಂಬ ಎಂಟು ಅಕ್ಷರಗಣಗಳು. ಪಾದಕ್ಕೆ ಎಂಟಕ್ಷರವುಳ್ಳ ಅನುಷ್ಟುಪ್ ವರ್ಗಕ್ಕೆ ಪ್ರಸ್ತಾರ ಹಾಕಿದರೆ ೨೫೬ ಸಮವೃತ್ತಗಳು ಹೊರಡುತ್ತವೆ. ಪಿಂಗಲನ ಸೂತ್ರಗಳನ್ನು ಓದಿದವರಿಗೂ, ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಓದಿದವರಿಗೂ ಈ ದ್ವಿಗುಣಕ್ರಮ ಪರಿಚಿತವಾದುದೇ. ಪಿಂಗಲನಿಗೆ ಗಣಕಯಂತ್ರ ತಿಳಿದಿತ್ತೆಂದು ಇದರ ಅರ್ಥವಲ್ಲ. ಅಂಥ ಹೆಮ್ಮೆ ವಿದ್ವತ್ತಿಗೆ ಶೋಭಿಸದು. ಎರಡೇ ಬಗೆಯ ವಸ್ತುಗಳನ್ನು ಸಾಲಾಗಿ ಇಟ್ಟಾಗ ಎಷ್ಟು ರೂಪಗಳು ಸಾಧ್ಯವೆಂಬ ಗಣಿತ ಎರಡು ಕಡೆಯೂ ಒಂದೇ ಎಂಬಷ್ಟೇ ತಾತ್ಪರ್ಯ.

ಆ ೨೫೬ರ ಸಂಖ್ಯೆಯೇ ‘ಬೈಟ್’ ಎಂಬ ಎರಡನೆಯ ಮಾನದ ಮೂಲ. ಎಂಟು ಬಿಟ್‌ಗಳ ಒಂದು ಕಟ್ಟು ಒಂದು ಬೈಟ್. ಅದರಲ್ಲಿ ೨೫೬ ಬೇರೆಬೇರೆ ಸಂಕೇತಗಳಿಗೆ ಸ್ಥಾನವುಂಟು. ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್ ಎಂಬವರು ೧೯೫೬ರಲ್ಲಿ ಈ ಪದವನ್ನು ರೂಪಿಸಿದರು. ಬಿಟ್ ಎಂಬುದರೊಡನೆ ಬರವಣಿಗೆಯಲ್ಲಿ ಬೆರೆಯದಿರಲೆಂದು ಬೇಕೆಂದೇ ಕಾಗುಣಿತವನ್ನು ಬದಲಿಸಿದರೆಂಬುದು ಗಮನಾರ್ಹವಾದ ಸಂಗತಿ. ಪದ ಹುಟ್ಟಿದ ದಿನವೇ ಈ ಎರಡು ಮಾನಗಳು ಬೆರೆತುಹೋಗುವ ಭಯವಿತ್ತು. ಮೊದಮೊದಲು ಎಲ್ಲ ಯಂತ್ರಗಳಲ್ಲಿಯೂ ಬೈಟ್‌ಗೆ ಎಂಟೇ ಬಿಟ್ ಎಂಬ ನಿಯಮವಿರಲಿಲ್ಲ. ಆದುದರಿಂದ ದೂರಸಂಪರ್ಕಶಾಸ್ತ್ರದ ಗ್ರಂಥಗಳು ಸಂಶಯಕ್ಕೆ ಎಡೆಗೊಡದ ‘ಆಕ್ಟೆಟ್’ ಎಂಬ ಪದವನ್ನು ಬಳಸಿದವು. ಅದನ್ನು ಕನ್ನಡದಲ್ಲಿ ‘ಅಷ್ಟಕ’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಕನ್ನಡದ ಅಕ್ಷರಗಳು ಈ ಅಳತೆಯಲ್ಲಿ ಎಷ್ಟು ತೂಗುತ್ತವೆ ಎಂಬ ಕುತೂಹಲ ಸಹಜವಾದುದು. ಯುನಿಕೋಡ್ ಸಂಕೇತಗಳನ್ನು ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-೮ ಎಂಬ ವಿಧಾನದಲ್ಲಿ ಬರೆದರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳಿವೆ. ಐದು ಮೂರಲ ಹದಿನೈದು ಬೈಟ್. ಹದಿನೈದು ಎಂಟಲ ೧೨೦ ಬಿಟ್. ನಾಲಗೆಯ ಮೇಲೆ ಹಗುರವಾಗಿ ಹೊರಳುವ ಮೂರಕ್ಷರದ ಮಾತು ತಂತಿಯ ಮೇಲೆ ನೂರಿಪ್ಪತ್ತು ನಿರ್ಧಾರಗಳಾಗಿ ಸಾಗುತ್ತದೆ.

ಇಷ್ಟು ಪರಿಮಾಣದ ಮಾತಾಯಿತು. ವೇಗದ ಮಾತು ಬೇರೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಪ್ರಶ್ನೆ. ತೂಬಿನಿಂದ ಹೊತ್ತಿಗೆ ಎಷ್ಟು ನೀರು ಹೊರಡುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಮೊಬೈಲ್ ದೂರವಾಣಿಯ ಅಂಗಡಿಯಲ್ಲಿ ‘ದಿನಕ್ಕೆ ಒಂದೂವರೆ ಜಿಬಿ’ ಎಂದು ಹೇಳುವುದು ಕೆರೆಯ ಲೆಕ್ಕ; ಅದು ಬೈಟ್‌ಗಳಲ್ಲಿರುತ್ತದೆ. ‘ಸೆಕೆಂಡಿಗೆ ಎರಡು ಮೆಗಾಬಿಟ್’ ಎಂಬುದು ತೂಬಿನ ಲೆಕ್ಕ, ಅದು ಬಿಟ್‌ಗಳಲ್ಲಿರುತ್ತದೆ. ಒಂದೂವರೆ ಗಿಗಾಬೈಟ್ ಎಂದರೆ ೧೨ ಗಿಗಾಬಿಟ್, ಅಂದರೆ ೧೨,೦೦೦ ಮೆಗಾಬಿಟ್. ಸೆಕೆಂಡಿಗೆ ಎರಡರಂತೆ ಹರಿದರೆ ೬,೦೦೦ ಸೆಕೆಂಡುಗಳಲ್ಲಿ, ಎಂದರೆ ಒಂದು ಗಂಟೆ ನಲವತ್ತು ನಿಮಿಷಗಳಲ್ಲಿ ಆ ದಿನದ ಕೆರೆ ಬತ್ತುತ್ತದೆ. ಪರಿಮಾಣ, ವೇಗ, ಕಾಲ ಈ ಮೂರರಲ್ಲಿ ಎರಡು ತಿಳಿದರೆ ಮೂರನೆಯದು ತಾನಾಗಿ ಕೈಗೆ ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ್ದು ಇಂಥ ನಿತ್ಯದ ಲೆಕ್ಕ ನಾಡವರ ನುಡಿಯಲ್ಲಿಯೇ ದೊರೆಯಲೆಂದಲ್ಲವೇ? ತ್ರೈರಾಶಿಕಕ್ಕೆ ವಸ್ತು ಭತ್ತವಾದರೇನು, ಬಿಟ್ ಆದರೇನು?

ವೇಗದ ಮಾನಗಳಲ್ಲಿ ಹಿರಿಯದು ‘ಬಾಡ್’. ಫ್ರಾನ್ಸಿನ ಟೆಲಿಗ್ರಾಫ್ ಅಧಿಕಾರಿಯಾಗಿದ್ದ ಎಮಿಲ್ ಬೋಡೊ ೧೮೭೪ರಲ್ಲಿ ಐದು ಘಟಕಗಳ ಸಂಕೇತವನ್ನುಳ್ಳ ತನ್ನ ಮುದ್ರಣ ಟೆಲಿಗ್ರಾಫಿಗೆ ಪೇಟೆಂಟ್ ಪಡೆದನು; ಆತನ ಹೆಸರಿನಿಂದ ಈ ಮಾನ ಬಂದಿತು. ತಂತಿಯ ಮೇಲಿನ ಸಂಜ್ಞೆ ಸೆಕೆಂಡಿಗೆ ಎಷ್ಟು ಸಲ ಬದಲಾಗಬಹುದೆಂಬುದನ್ನು ಬಾಡ್ ಹೇಳುತ್ತದೆ. ಟೆಲೆಕ್ಸ್ ಯಂತ್ರಗಳು ೫೦ ಬಾಡ್ ವೇಗದಲ್ಲಿ ನಡೆಯುತ್ತಿದ್ದುವು. ಒಂದು ಸಂಜ್ಞೆಗೆ ಒಂದೇ ಬಿಟ್ ಇದ್ದ ಕಾಲದಲ್ಲಿ ಬಾಡ್ ಮತ್ತು ಬಿಟ್ ಸಂಖ್ಯೆಯಲ್ಲಿ ಸಮನಾಗಿದ್ದುವು; ಆದುದರಿಂದ ಜನ ಎರಡನ್ನೂ ಒಂದೆಂದೇ ಭಾವಿಸಿದರು. ಮುಂದೆ ಎಂಜಿನಿಯರುಗಳು ಒಂದೇ ಸಂಜ್ಞೆಯಲ್ಲಿ ಹಲವು ಬಿಟ್‌ಗಳನ್ನು ಅಡಕಮಾಡಲು ಕಲಿತರು. ೧೯೮೦ರ ದಶಕದ ವಿ.೩೨ ಎಂಬ ಮೋಡೆಮ್ ಸೆಕೆಂಡಿಗೆ ೨,೪೦೦ ಸಂಜ್ಞೆಗಳನ್ನು ಮಾತ್ರ ಕಳುಹಿಸಿ, ಸಂಜ್ಞೆಗೆ ನಾಲ್ಕು ಬಿಟ್‌ಗಳಂತೆ ೯,೬೦೦ ಬಿಟ್‌ಗಳನ್ನು ಒಯ್ಯುತ್ತಿತ್ತು. ಹೊತ್ತಿಗೆ ಎಷ್ಟು ಬಂಡಿಗಳು ಊರ ಬಾಗಿಲನ್ನು ದಾಟಿದುವೆಂಬುದು ಬಾಡ್; ಎಷ್ಟು ಚೀಲಗಳು ದಾಟಿದುವೆಂಬುದು ಬಿಟ್. ಬಂಡಿಗೆ ನಾಲ್ಕು ಚೀಲವಿರುವಾಗ ಬಂಡಿಯನ್ನೆಣಿಸಿ ಚೀಲದ ಬೆಲೆ ಕಟ್ಟುವವನು ಕೊಳ್ಳುವವನಾದರೂ ಕೆಡುತ್ತಾನೆ, ಮಾರುವವನಾದರೂ ಕೆಡುತ್ತಾನೆ.

ದೂರಸಂಪರ್ಕದ ಮತ್ತೊಂದು ಮೂಲಮಾನ ೬೪ ಕಿಲೋಬಿಟ್. ಇದು ಯಾರೋ ಮನಸ್ಸಿಗೆ ಬಂದಂತೆ ಇಟ್ಟ ಸಂಖ್ಯೆಯಲ್ಲ. ದೂರವಾಣಿಯಲ್ಲಿ ಮನುಷ್ಯನ ದನಿಯನ್ನು ಸಂಖ್ಯೆಗಳಾಗಿ ಮಾರ್ಪಡಿಸುವಾಗ ಸೆಕೆಂಡಿಗೆ ೮,೦೦೦ ಸಲ ಅದರ ಏರಿಳಿತವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ ಎಂಟು ಬಿಟ್‌ಗಳಲ್ಲಿ ಬರೆಯುತ್ತಾರೆ. ಎಂಟು ಸಾವಿರವನ್ನು ಎಂಟರಿಂದ ಗುಣಿಸಿದರೆ ೬೪,೦೦೦ ಬಿಟ್. ಇಂಥ ಮೂವತ್ತು ದನಿಗಳನ್ನು ಒಂದೇ ತಂತಿಯಲ್ಲಿ ಸರದಿಯಂತೆ ಕೂರಿಸಿ, ಹೊಂದಾಣಿಕೆಗಾಗಿಯೂ ಸೂಚನೆಗಳಿಗಾಗಿಯೂ ಇನ್ನೆರಡು ಸ್ಥಾನಗಳನ್ನು ಸೇರಿಸಿದರೆ ಮೂವತ್ತೆರಡು ಸ್ಥಾನಗಳು. ಒಟ್ಟು ೨,೦೪೮ ಕಿಲೋಬಿಟ್. ಯುರೋಪಿನಲ್ಲಿ ರೂಪುಗೊಂಡು ಭಾರತವೂ ಅನುಸರಿಸಿದ ಈ ಕ್ರಮಕ್ಕೆ ಇ-೧ ಎಂದು ಹೆಸರು. ಅಮೆರಿಕದ ಟಿ-೧ ಕ್ರಮದಲ್ಲಿ ಇಪ್ಪತ್ತನಾಲ್ಕು ದನಿಗಳು. ಅಲ್ಲಿನ ಒಟ್ಟು ವೇಗ ೧,೫೪೪ ಕಿಲೋಬಿಟ್.

ಇಲ್ಲಿ ಒಂದು ಸೂಕ್ಷ್ಮವಿದೆ. ೨,೦೪೮ ಎಂಬುದು ೧,೦೨೪ರ ಎರಡರಷ್ಟು. ಗಣಕಯಂತ್ರದ ನೆನಪಿನ ಕೋಶಗಳನ್ನು ಎಣಿಸುವವರು ಎರಡರ ಘಾತಗಳಿಗೆ ಒಗ್ಗಿ ೧,೦೨೪ನ್ನೇ ಕಿಲೋ ಎಂದು ಕರೆಯುತ್ತ ಬಂದರು. ಆ ಅಭ್ಯಾಸವುಳ್ಳವರು ಇ-೧ ತಂತಿಯನ್ನು ನೋಡಿ ‘ಸರಿಯಾಗಿ ಎರಡು ಮೆಗಾ’ ಎಂದುಬಿಡುತ್ತಾರೆ. ಅದು ಹಾಗಲ್ಲ. ತಂತಿಯ ವೇಗದಲ್ಲಿ ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ, ಇದರಲ್ಲಿ ವಿಕಲ್ಪವಿಲ್ಲ. ಇ-೧ರ ವೇಗ ಸೆಕೆಂಡಿಗೆ ೨೦,೪೮,೦೦೦ ಬಿಟ್, ಅಂದರೆ ೨.೦೪೮ ಮೆಗಾಬಿಟ್. ನೆನಪಿನ ಕೋಶಗಳ ಲೆಕ್ಕಕ್ಕಾಗಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು ೧೯೯೮ರಲ್ಲಿ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಉಪಸರ್ಗಗಳನ್ನೇ ಗೊತ್ತುಮಾಡಿತು. ಕಿಲೋ ಮತ್ತು ಕಿಬಿಗಳಿಗೆ ನೂರಕ್ಕೆ ೨.೪ರ ಅಂತರ, ಮೆಗಾ ಮತ್ತು ಮೆಬಿಗಳಿಗೆ ೪.೮೬, ಗಿಗಾ ಮತ್ತು ಗಿಬಿಗಳಿಗೆ ೭.೩೭. ಮೇಲೇರಿದಂತೆ ಬಿರುಕು ಅಗಲವಾಗುತ್ತದೆ. ಚಿಕ್ಕ ಲೆಕ್ಕದಲ್ಲಿ ಕಾಣದ ದೋಷ ದೊಡ್ಡ ಲೆಕ್ಕದಲ್ಲಿ ಮನೆಯನ್ನೇ ನುಂಗಬಲ್ಲುದು.

ಇನ್ನೂ ಒಂದು ವಿವೇಕ ಬೇಕು. ಎಸ್‌ಟಿಎಂ-೧ ಎಂಬ ಹಿರಿಯ ಮಾರ್ಗದ ವೇಗ ೧೫೫.೫೨ ಮೆಗಾಬಿಟ್. ಅದನ್ನು ೨.೦೪೮ರಿಂದ ಭಾಗಿಸಿದರೆ ಎಪ್ಪತ್ತೈದಕ್ಕೂ ಮಿಗಿಲಾದ ಇ-೧ಗಳು ಹಿಡಿಯಬೇಕೆಂದು ಲೆಕ್ಕ ಹೇಳುತ್ತದೆ. ನಿಜವಾಗಿ ಅದರಲ್ಲಿ ಹಿಡಿಯುವುದು ಅರುವತ್ತಮೂರು ಮಾತ್ರ. ಉಳಿದ ಸ್ಥಳವನ್ನು ದಾರಿಯ ಮೇಲ್ವಿಚಾರಣೆ, ವಿಳಾಸ, ಜೋಡಣೆಗಳಿಗಾಗಿ ಮೀಸಲಿಡಬೇಕಾಗುತ್ತದೆ. ಮಾನಪರಿವರ್ತನೆ ಎಂಬುದು ಭಾಗಾಕಾರದಿಂದ ಆರಂಭವಾಗುತ್ತದೆ, ಭಾಗಾಕಾರದಲ್ಲಿ ಮುಗಿಯುವುದಿಲ್ಲ. ಭತ್ತದ ಚೀಲವನ್ನು ತೂಗಿದವನು ಚೀಲದ ತೂಕವನ್ನು ಕಳೆಯಲೇಬೇಕು.

ಈ ವಿಚಾರಗಳೆಲ್ಲ ಎಂಜಿನಿಯರುಗಳ ಸೊತ್ತು, ಶಾಲೆ ಮಠಗಳಿಗೆ ಇದರಿಂದೇನು ಎಂದು ಕೇಳುವವರಿಗೆ ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಡೆದ ಪ್ರಸಂಗ ಉತ್ತರವಾದೀತು. ಊರಿನಿಂದ ಹೊರಗೆ ಹೋಗಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೆ ಗಣಕಯಂತ್ರದ ಕೊಠಡಿಯನ್ನೂ ಅಂತರಜಾಲದ ಸಂಪರ್ಕವನ್ನೂ ಕೊಡಿಸಿದ್ದರು. ಸಂಪರ್ಕ ಕೊಟ್ಟವನು ಅದೇ ಹೋಬಳಿಯ ಒಬ್ಬ ತರುಣ. ಸಾಲಮಾಡಿ ಕಂಬದಿಂದ ಕಂಬಕ್ಕೆ ತಂತಿಯೆಳೆದು ಜೀವನ ಕಟ್ಟಿಕೊಂಡವನು. ಕರಾರಿನಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್ ಎಂದು ಬರೆದಿತ್ತು. ಪಾಠದ ಚಲನಚಿತ್ರವೊಂದನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಹನ್ನೊಂದು, ಹನ್ನೊಂದೂವರೆ, ಹನ್ನೊಂದೂ ಮುಕ್ಕಾಲು ಎಂದು ಅಂಕೆಗಳು ಮೂಡಿದವು. ಹನ್ನೆರಡನ್ನು ಒಮ್ಮೆಯೂ ದಾಟಲಿಲ್ಲ. ಒಂಬತ್ತು ಸೆಕೆಂಡುಗಳಲ್ಲಿ ಬರಬೇಕಾಗಿದ್ದ ೯೦೦ ಮೆಗಾಬೈಟಿನ ಕಡತಕ್ಕೆ ಒಂದೂಕಾಲು ನಿಮಿಷ ಹಿಡಿಯಿತು.

ಆಡಳಿತ ಮಂಡಳಿಯವರು ಸಿಟ್ಟಾದರು. ನೂರು ಕೊಡುವೆನೆಂದು ಹೇಳಿ ಹನ್ನೆರಡನ್ನೂ ಕೊಡದವನು ವಂಚಕನಲ್ಲದೆ ಮತ್ತೇನು? ದಾನಿಗಳ ಹಣ ಬೆವರಿನ ಹಣ. ಅದನ್ನು ಕಾಯುವುದು ಮಂಡಳಿಯ ಧರ್ಮವೆಂಬ ಭಾವನೆ ಅವರಲ್ಲಿ ಪ್ರಾಮಾಣಿಕವಾಗಿಯೇ ಇತ್ತು. ತರುಣನಿಗೆ ಸಲ್ಲಬೇಕಾದ ಹಣವನ್ನು ತಡೆಹಿಡಿದರು. ಆತನು ಬಂದು ವಿವರಿಸಹೋದಾಗ ಮಾತು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ವಿಷಯ ಶಾಲೆಯ ಗೋಡೆಯನ್ನು ದಾಟಿ ಸಂತೆಯವರೆಗೆ ಹೋಯಿತು. ಇತರ ಗಿರಾಕಿಗಳೂ ಆತನನ್ನು ಅನುಮಾನದಿಂದ ನೋಡತೊಡಗಿದರು.

ಗಂಟನ್ನು ಬಿಡಿಸಿದವರು ಆ ಶಾಲೆಯ ವಿಜ್ಞಾನ ಶಿಕ್ಷಕಿ. ಅವರು ಕರಾರಿನ ಪತ್ರವನ್ನೂ ಪರದೆಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ಮಂಡಳಿಯವರಿಗೆ ಒಂದೇ ಸಂಗತಿಯನ್ನು ತೋರಿಸಿದರು. ಕರಾರಿನ ನೂರು ಬಿಟ್‌ಗಳಲ್ಲಿದೆ. ಪರದೆಯ ಹನ್ನೊಂದೂ ಮುಕ್ಕಾಲು ಬೈಟ್‌ಗಳಲ್ಲಿದೆ. ಎಂಟಕ್ಕೆ ಒಂದು. ಸಭೆಯಲ್ಲಿದ್ದ ವೃದ್ಧರಿಗೆ ಇದು ಅರ್ಥವಾಗಲು ಹಳೆಯ ನಾಣ್ಯದ ನೆನಪು ಸಾಕಾಯಿತು. ರೂಪಾಯಿಗೆ ಹದಿನಾರು ಆಣೆ. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಭಾಗ. ೧೯೫೭ರಲ್ಲಿ ದಶಮಾಂಶ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾದಾಗ ಆ ಎರಡಾಣೆಯ ಬೆಲೆ ಹನ್ನೆರಡೂವರೆ ಪೈಸೆಯಾಯಿತು. ನೂರರ ಅರೆಕಾಲು ಹನ್ನೆರಡೂವರೆ. ನೂರು ಮೆಗಾಬಿಟ್‌ಗೆ ಹನ್ನೆರಡೂವರೆ ಮೆಗಾಬೈಟ್. ಲೆಕ್ಕ ಒಂದೇ.

ಹಾಗಾದರೆ ಹನ್ನೆರಡೂವರೆಯಾದರೂ ಏಕೆ ಬರಲಿಲ್ಲ ಎಂಬ ಪ್ರಶ್ನೆಗೂ ಅವರಲ್ಲಿ ಉತ್ತರವಿತ್ತು. ಮಾಹಿತಿ ತಂತಿಯಲ್ಲಿ ಬಿಡಿಯಾಗಿ ಹರಿಯುವುದಿಲ್ಲ, ಪೊಟ್ಟಣಗಳಾಗಿ ಸಾಗುತ್ತದೆ. ಈಥರ್ನೆಟ್ ಮಾರ್ಗದಲ್ಲಿ ತುಂಬಿದ ಒಂದು ಪೊಟ್ಟಣ ತಂತಿಯ ಮೇಲೆ ೧,೫೩೮ ಬೈಟ್‌ಗಳ ಹೊತ್ತನ್ನು ತೆಗೆದುಕೊಂಡರೆ, ವಿಳಾಸ ಮತ್ತು ಕಾವಲಿನ ಅಂಶಗಳನ್ನು ಕಳೆದು ಕಡತಕ್ಕೆ ಸಲ್ಲುವುದು ೧,೪೬೦ ಬೈಟ್. ಅಂದರೆ ನೂರಕ್ಕೆ ತೊಂಬತ್ತೈದರ ಹತ್ತಿರ. ಹನ್ನೆರಡೂವರೆಯಲ್ಲಿ ಅಷ್ಟು ಭಾಗವೆಂದರೆ ೧೧.೮೭, ಚೀಲದ ತೂಕ ಕಳೆದ ಮೇಲಿನ ಭತ್ತ. ೯೦೦ನ್ನು ಅದರಿಂದ ಭಾಗಿಸಿದರೆ ಎಪ್ಪತ್ತಾರು ಸೆಕೆಂಡು. ಗಡಿಯಾರ ತೋರಿಸಿದ್ದೂ ಅದನ್ನೇ. ತರುಣನು ಕೊಟ್ಟ ಮಾತಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹಣ ಸಂದಿತು. ಮಂಡಳಿಯ ಅಧ್ಯಕ್ಷರು ತಾವೇ ಆತನ ಮನೆಗೆ ಹೋಗಿ ಬಂದರು. ಆದರೆ ಸಂತೆಗೆ ಹೋದ ಮಾತನ್ನು ಹಿಂದಕ್ಕೆ ಕರೆತರುವ ಉಪಾಯ ಯಾವ ಗಣಿತದಲ್ಲಿಯೂ ಇಲ್ಲ. ‘ಮಾನ’ ಎಂಬ ಶಬ್ದಕ್ಕೆ ಅಳತೆಯೆಂದೂ ಅರ್ಥ, ಮರ್ಯಾದೆಯೆಂದೂ ಅರ್ಥ. ಒಂದು ಮಾನವನ್ನು ಗಮನಿಸದೆ ಬಿಟ್ಟುದರಿಂದ ಮತ್ತೊಂದು ಮಾನಕ್ಕೆ ಕುಂದು ಬಂದಿತೆಂಬುದೇ ಆ ಪ್ರಸಂಗದ ಸಾರ.

ಪ್ರಸಂಗಕ್ಕೆ ಉತ್ತರಾರ್ಧವೂ ಉಂಟು. ಕೆಲವು ತಿಂಗಳುಗಳು ಕಳೆದ ಮೇಲೆ ಸಂಜೆಯ ಹೊತ್ತಿನಲ್ಲಿ ಪರದೆ ಮೂರು ಮೆಗಾಬೈಟನ್ನು ಮಾತ್ರ ತೋರಿಸತೊಡಗಿತು. ಶಿಕ್ಷಕಿ ಒಂದು ವಾರ ಅಂಕೆಗಳನ್ನು ಗುರುತುಹಾಕಿ, ಎಂಟರಿಂದ ಗುಣಿಸಿ, ನೂರು ಮೆಗಾಬಿಟ್‌ಗೆ ಬದಲಾಗಿ ಇಪ್ಪತ್ತನಾಲ್ಕು ಬರುತ್ತಿದೆಯೆಂದು ಬರೆದುಕೊಟ್ಟರು. ಈ ಸಲ ಕೂಗಾಟವಾಗಲಿಲ್ಲ. ತರುಣನು ಲೆಕ್ಕವನ್ನು ನೋಡಿದನು, ಸಂಜೆಯ ಗಿರಾಕಿಗಳಿಗೆಲ್ಲ ಸಾಲುವಷ್ಟು ವೇಗವನ್ನು ತಾನು ಮೇಲಿನವರಿಂದ ಕೊಂಡಿಲ್ಲವೆಂಬುದನ್ನು ಒಪ್ಪಿದನು, ಸರಿಪಡಿಸಿದನು. ಒಂದೇ ಮಾನವನ್ನು ಬಲ್ಲ ಇಬ್ಬರ ನಡುವೆ ಜಗಳಕ್ಕೆ ಎಡೆ ಕಡಿಮೆ. ನಿರಪರಾಧಿಯನ್ನು ಬಿಡುಗಡೆ ಮಾಡಿದ ಎಂಟರ ಲೆಕ್ಕವೇ ಕೊರತೆಯನ್ನೂ ಹಿಡಿದುಕೊಟ್ಟಿತು. ತಿಳಿವಳಿಕೆ ಎಂಬುದು ಕೊಡುವವನ ಪಕ್ಷವೂ ಅಲ್ಲ, ಕೊಳ್ಳುವವನ ಪಕ್ಷವೂ ಅಲ್ಲ.

ಇಂಥ ತಪ್ಪುಗಳು ಕನ್ನಡದಲ್ಲಿ ಹೆಚ್ಚಾಗಿ ನಡೆಯುವುದಕ್ಕೆ ಲಿಪಿಗೆ ಸಂಬಂಧಿಸಿದ ಒಂದು ಕಾರಣವಿದೆ. ಇಂಗ್ಲಿಷಿನಲ್ಲಿ ಬಿಟ್ ಎಂಬುದನ್ನು ಚಿಕ್ಕ ‘ಬಿ’ ಅಕ್ಷರದಿಂದಲೂ ಬೈಟ್ ಎಂಬುದನ್ನು ದೊಡ್ಡ ‘ಬಿ’ ಅಕ್ಷರದಿಂದಲೂ ಸೂಚಿಸುವ ರೂಢಿಯುಂಟು. ಕನ್ನಡ ಲಿಪಿಯಲ್ಲಿ ಚಿಕ್ಕಕ್ಷರ ದೊಡ್ಡಕ್ಷರಗಳೆಂಬ ಭೇದವೇ ಇಲ್ಲ. ಆದುದರಿಂದ ‘ಎಂಬಿ’, ‘ಎಂಬಿಪಿಎಸ್’ ಎಂದು ಬರೆದೊಡನೆ ಎಂಟರಷ್ಟು ವ್ಯತ್ಯಾಸ ಎರಡು ಅಕ್ಷರಗಳೊಳಗೆ ಮುಳುಗಿಹೋಗುತ್ತದೆ. ಪತ್ರಿಕೆಗಳಲ್ಲಿ ‘ನೂರು ಎಂಬಿ ವೇಗ’ ಎಂಬ ಮಾತು ಸಾಮಾನ್ಯವಾಗಿದೆ. ಅದು ಬಿಟ್ ಅಲ್ಲ, ಬೈಟ್ ಅಲ್ಲ. ಕಾಲದ ಉಲ್ಲೇಖವೂ ಅದರಲ್ಲಿಲ್ಲ. ‘ಹತ್ತು ಮೈಲಿ ವೇಗ’ ಎಂದಂತಾಯಿತು. ಗಂಟೆಗೋ, ದಿನಕ್ಕೋ?

ಭಾಷೆಯ ಚರಿತ್ರೆಯನ್ನು ಬಲ್ಲವರಿಗೆ ಈ ಅಪಾಯದ ಸ್ವರೂಪ ಹೊಸದಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ೞಕಾರವು ಬಳಕೆ ತಪ್ಪಿ ಳಕಾರದಲ್ಲಿ ಸೇರಿಹೋದಾಗ ಕತ್ತಿಗೂ ಬದುಕಿಗೂ ಒಂದೇ ರೂಪವಾಯಿತು. ಕಾವ್ಯದಲ್ಲಿ ಸಂದರ್ಭ ಕೈಹಿಡಿಯುತ್ತದೆ. ಯುದ್ಧವರ್ಣನೆಯೋ ಗೃಹವರ್ಣನೆಯೋ ಎಂದು ನೋಡಿ ಓದುಗನು ಅರ್ಥವನ್ನು ಬೇರ್ಪಡಿಸಿಕೊಳ್ಳುತ್ತಾನೆ. ಸಂಖ್ಯೆಗೆ ಅಂಥ ಸಂದರ್ಭದ ಆಸರೆಯಿಲ್ಲ. ‘ಹನ್ನೆರಡು ಎಂಬಿ’ ಎಂಬ ಬರವಣಿಗೆ ತನ್ನ ಅರ್ಥವನ್ನು ತಾನೇ ಹೇಳಲಾರದು. ಹನ್ನೆರಡು ಮೆಗಾಬಿಟ್ ಆದರೆ ಅದು ಒಂದೂವರೆ ಮೆಗಾಬೈಟ್ ಮಾತ್ರ; ಹನ್ನೆರಡು ಮೆಗಾಬೈಟ್ ಆದರೆ ತೊಂಬತ್ತಾರು ಮೆಗಾಬಿಟ್. ಅಕ್ಷರದ ಮರೆಯಲ್ಲಿ ಒಬ್ಬನು ಇನ್ನೊಬ್ಬನನ್ನು ವಂಚಿಸಲೂಬಹುದು, ವಂಚಿಸಿದನೆಂದು ಸುಮ್ಮನೆ ದೂರಲೂಬಹುದು.

ಪರಿಹಾರ ಕಠಿಣವಾದುದೇನಲ್ಲ. ಕನ್ನಡದಲ್ಲಿ ‘ಬಿಟ್’, ‘ಬೈಟ್’ ಎಂದು ಪೂರ್ಣವಾಗಿ ಬರೆದರೆ ಕಾಗುಣಿತವೇ ಭೇದವನ್ನು ಕಾಪಾಡುತ್ತದೆ. ಇಕಾರಕ್ಕೂ ಐಕಾರಕ್ಕೂ ಇರುವ ಅಂತರವನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಇಂಗ್ಲಿಷಿನ ಸಂಕ್ಷೇಪ ದೊಡ್ಡಕ್ಷರ ಚಿಕ್ಕಕ್ಷರಗಳ ಮೇಲೆ ತೂಗಾಡುವಾಗ ಕನ್ನಡದ ಪೂರ್ಣರೂಪ ಉಚ್ಚಾರಣೆಯಲ್ಲಿಯೂ ಬರಹದಲ್ಲಿಯೂ ನಿಸ್ಸಂದಿಗ್ಧವಾಗಿದೆ. ‘ಸೆಕೆಂಡಿಗೆ ನೂರು ಮೆಗಾಬಿಟ್’ ಎಂದು ಬರೆಯಲು ತಗಲುವ ಹೆಚ್ಚಿನ ಶಾಯಿ ಎಷ್ಟು? ಆ ಶಾಯಿಯನ್ನು ಉಳಿಸಲು ಹೋಗಿ ಅರ್ಥವನ್ನು ಚೆಲ್ಲುವುದು ಜಾಣತನವಲ್ಲ.

ಶಿಕ್ಷಕರು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸಿದರೆ ಸಾಕು. ಎಣಿಸುತ್ತಿರುವ ವಸ್ತು ಯಾವುದು: ಸಂಜ್ಞೆಯೋ, ಬಿಟ್ಟೋ, ಬೈಟೋ? ಉಪಸರ್ಗದ ಬೆಲೆ ಎಷ್ಟು: ಸಾವಿರವೋ, ಸಾವಿರದ ಇಪ್ಪತ್ತನಾಲ್ಕೋ? ಕಾಲದ ಮಾತು ಇದೆಯೋ, ಇಲ್ಲವೋ? ಇವಕ್ಕೆ ಉತ್ತರ ದೊರೆತ ಮೇಲೆ ಉಳಿಯುವುದು ಎಂಟರ ಗುಣಾಕಾರ, ಎಂಟರ ಭಾಗಾಕಾರ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಮೊದಲು ಮಾನಗಳ ಸಂಜ್ಞೆಗಳನ್ನು ನಿರೂಪಿಸಿ ಆಮೇಲೆ ಲೆಕ್ಕಕ್ಕೆ ಕೈಹಾಕಿದ್ದಾನೆ. ಪರಿಭಾಷೆ ಮುಂದೆ, ಪರಿಕರ್ಮ ಹಿಂದೆ. ಈ ಕ್ರಮ ಇಂದಿಗೂ ಹಳತಾಗಿಲ್ಲ.

ಸರ್ಕಾರದ ಮಾತನ್ನು ಓದುವುದಕ್ಕೂ ಈ ವಿದ್ಯೆ ಬೇಕು. ಭಾರತದಲ್ಲಿ ೨೦೦೪ರ ನೀತಿಯಂತೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾಗಿದ್ದ ಕನಿಷ್ಠ ವೇಗ ೨೫೬ ಕಿಲೋಬಿಟ್. ೨೦೧೩ರಲ್ಲಿ ಅದು ೫೧೨ ಆಯಿತು. ೨೦೨೩ರಲ್ಲಿ ೨ ಮೆಗಾಬಿಟ್‌ಗೆ ಏರಿತು. ಬೈಟ್‌ಗಳಲ್ಲಿ ಹೇಳುವುದಾದರೆ ಸೆಕೆಂಡಿಗೆ ಮೂವತ್ತೆರಡು, ಅರುವತ್ತನಾಲ್ಕು, ಇನ್ನೂರೈವತ್ತು ಕಿಲೋಬೈಟ್‌ಗಳು. ನಲವತ್ತು ಗಣಕಯಂತ್ರಗಳಿರುವ ಕೊಠಡಿಗೆ ನೂರು ಮೆಗಾಬಿಟ್‌ನ ಸಂಪರ್ಕ ಬಂದರೆ, ಎಲ್ಲ ಮಕ್ಕಳೂ ಒಮ್ಮೆಗೆ ಕೇಳಿದಾಗ ಒಬ್ಬೊಬ್ಬರ ಪಾಲಿಗೆ ಎರಡೂವರೆ ಮೆಗಾಬಿಟ್. ಕನಿಷ್ಠ ಮಟ್ಟಕ್ಕಿಂತ ತುಸುವೇ ಮೇಲು. ಇಪ್ಪತ್ತು ಮೆಗಾಬಿಟ್‌ನ ಸಂಪರ್ಕವಾದರೆ ಅರ್ಧ ಮೆಗಾಬಿಟ್. ೨೦೧೩ರ ಮಟ್ಟವನ್ನೂ ಮುಟ್ಟದ ಪಾಲು. ೨೦೨೦ರ ಮಹಾಮಾರಿಯ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಸಿಗ್ನಲನ್ನು ಹುಡುಕಿ ಗುಡ್ಡವೇರಿದುದನ್ನು ನಾಡು ಕಂಡಿದೆ. ಯಾವ ಮಗುವಿಗೆ ಎಷ್ಟು ದೊರೆಯುತ್ತಿದೆಯೆಂದು ಹೇಳಬಲ್ಲವರಿದ್ದರೆ ಮಾತ್ರ ಯಾವ ಮಗುವಿಗೆ ಎಷ್ಟು ಕಡಿಮೆಯಾಗಿದೆಯೆಂದು ಕೇಳಲು ಸಾಧ್ಯ.

ದಾಸೋಹದ ಮನೆಯಲ್ಲಿ ಪಂಕ್ತಿಭೇದ ಸಲ್ಲದೆಂಬುದು ಶರಣಪರಂಪರೆಯ ಮೂಲಭಾವ. ಪಂಕ್ತಿಭೇದವಿಲ್ಲದೆ ಬಡಿಸಬೇಕಾದವನಿಗೆ ಅಡುಗೆ ಎಷ್ಟಿದೆ, ಎಲೆಗಳು ಎಷ್ಟಿವೆ ಎಂಬ ಲೆಕ್ಕ ಗೊತ್ತಿರಬೇಕು. ಪ್ರೀತಿಯೊಂದರಿಂದಲೇ ಕಡೆಯ ಎಲೆಗೆ ಅನ್ನ ಮುಟ್ಟುವುದಿಲ್ಲ. ಜ್ಞಾನದಾಸೋಹ ಇಂದು ತಂತಿಯ ಮೂಲಕವೂ ನಡೆಯುತ್ತಿದೆ. ಅಲ್ಲಿನ ಸೇರು, ಕೊಳಗಗಳ ಹೆಸರು ಬಿಟ್ ಮತ್ತು ಬೈಟ್. ಅವುಗಳನ್ನು ಗುರುತಿಸಿ ಓದುವ, ಗುರುತಾಗುವಂತೆ ಬರೆಯುವ ಅಭ್ಯಾಸ ಶಾಲೆಯ ಕರಿಹಲಗೆಯಿಂದ ಆರಂಭವಾದರೆ ದಾನಿಗಳ ಹಣಕ್ಕೆ ಕಾವಲಾಗುತ್ತದೆ, ದುಡಿಯುವವನ ಮರ್ಯಾದೆಗೆ ರಕ್ಷೆಯಾಗುತ್ತದೆ, ಕೊಠಡಿಯ ಕಡೆಯ ಸಾಲಿನಲ್ಲಿ ಕುಳಿತ ಮಗುವಿಗೂ ತನ್ನ ಪಾಲು ದೊರೆಯುತ್ತದೆ.